ಹೊಸ್ತಿನ ಅಪ್ಪಣೆ

ಮಕ್ಕಳೇ, ಕಳೆದ ಹೊಸ್ತಿನ ದಿನ ಅಮ್ಮಮ್ಮ ಅಪ್ಪಣೆ ಸಿಗದೆಯೇ ಉಂಡಳು ಎಂದು ನೀವು ತಮಾಷೆ ಮಾಡಿದಿರಿ. ಅದಕ್ಕೊಂದು ಕಾರಣವಿತ್ತು. ನಾಲ್ಕು ಜನರೆದುರು ನನಗೆ ಮಾತು ಬರುವುದಿಲ್ಲ. ಬಿಜೂರಿನ ಶಾಲೆಯಲ್ಲಿ ಕಲಿತ ಅಕ್ಷರದಲ್ಲಾದರೆ ಬರೆದು ಹೇಳಬಲ್ಲೆ.

ಹೊಸ್ತು ಎಂದರೆ ಹೊಸ ಕದಿರು ಮನೆಗೆ ಬರುವ ದಿನ. ಗದ್ದೆಯಿಂದ ತಂದ ಕದಿರನ್ನು ಮಾವಿನೆಲೆ, ಹಲಸಿನೆಲೆಯ ಜೊತೆ ನಾರಿನಲ್ಲಿ ಸುತ್ತಿ ಬಾಗಿಲಿಗೆ, ಬಾವಿಕಟ್ಟೆಗೆ, ತೆಂಗಿನ ಮರಕ್ಕೆ ಕಟ್ಟುತ್ತೇವೆ. ನೀವು ಬೈಕಿಗೂ ಕಟ್ಟಿ, ಉಳಿದದ್ದನ್ನು ಟಿ.ವಿ.ಗೆ ಸಿಕ್ಕಿಸಿದ್ದಿರಿ. ಮಧ್ಯಾಹ್ನ ಹೊಸ ಅಕ್ಕಿ ಬೆರೆಸಿದ ಅನ್ನ ಎಲೆಗೆ ಬಿದ್ದ ಮೇಲೆ ಕಿರಿಯರು ಹಿರಿಯರಿಗೆ “ಹೊಸ್ತ್ ಉಂತೆ”, ಎಂದರೆ ಹೊಸ್ತು ಉಣ್ಣುತ್ತೇನೆ, ಎನ್ನಬೇಕು. ಅವರು “ಉಣ್” ಎಂದ ಮೇಲೆಯೇ ಮೊದಲ ತುತ್ತು.

ನಮ್ಮ ತಾಯಿಯನ್ನು ನಾನೂ ಅಕ್ಕನೂ ಅಬ್ಬಿ ಎನ್ನುತ್ತಿದ್ದೆವು. ಅಕ್ಕನಿಗೆ ಹಸಿವು ತಡೆಯುತ್ತಿರಲಿಲ್ಲ. ಅಬ್ಬಿ ಅನ್ನ ಬಸಿಯುತ್ತಿರುವಾಗಲೇ ಒಲೆಯ ಹತ್ತಿರ ಹೋಗಿ ಅಪ್ಪಣೆ ಕೇಳುತ್ತಿದ್ದಳು. “ಎಲಿ ಹಾಕುಕ್ ಮುಂಚೆ ಉಂಬುಕ್ ಹೊರ್ಟ್ಲ್ ಕಾಣಿ” ಎಂದು ಅಬ್ಬಿ ಹಂಗಿಸುತ್ತಿದ್ದಳು. ನಾನು ನಾಚಿ ಅಕ್ಕನ ಬೆನ್ನ ಹಿಂದೆ ನಿಂತಿರುತ್ತಿದ್ದೆ. ನನ್ನ ಪಾಲಿನ ಅಪ್ಪಣೆಯನ್ನೂ ಅವಳೇ ಕೇಳಿಬಿಡುತ್ತಿದ್ದಳು.

ಅಕ್ಕ ಮದುವೆಯಾಗಿ ಮುಂಬೈಗೆ ಹೋದಳು; ಅವಳ ಗಂಡನಿಗೆ ಅಲ್ಲಿ ಹೋಟೆಲಿತ್ತು. ಇಲ್ಲಿ ಹಿರಿಯರು ಒಬ್ಬೊಬ್ಬರಾಗಿ ಹೋದರು, ನಿಮ್ಮ ಅಜ್ಜನೂ ಹೋದರು. ಆಮೇಲೆ ಈ ಮನೆಯಲ್ಲಿ ನಾನು ಕೇಳಬೇಕಾದ ಹಿರಿಯರೇ ಉಳಿಯಲಿಲ್ಲ. ಹಾಗಾಗಿ ಹೊಸ್ತಿನ ದಿನ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಹಿಂದಿನಿಂದ ಹೋಟೆಲಿನ ಪಾತ್ರೆಗಳ ಸದ್ದು, ನಡುವೆ ಅವಳ “ಉಣ್ ಹೆಣ್ಣೇ”. ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಮಾತು ಕೇಳುವುದು ನನಗೆ ಹಿತವಾಗಿತ್ತು.

ವಿಡಿಯೋ ಕಾಲ್ ಬೇಡವೆಂದೇ ನಾನು ತಪ್ಪಿಸಿಕೊಂಡು ಬಂದವಳು. ನನ್ನ ಮುಖವನ್ನು ನಾನೇ ನೋಡುತ್ತಾ ಮಾತಾಡುವುದೆಂದರೆ ಏನೋ ಸಂಕೋಚ. ಆದರೆ ಅಕ್ಕನಿಗೆ ಕಿವಿ ಮಂದವಾಗಿ, ನೆನಪೂ ಕೈಕೊಡತೊಡಗಿತ್ತು. ಮುಖ ಕಂಡರೆ ಗುರುತು ಹಿಡಿದಾಳು ಎಂದು ಅವಳ ಸೊಸೆ ಹೇಳಿದ್ದಳು. ಒಮ್ಮೆಯಾದರೂ ಅಕ್ಕ ನನ್ನನ್ನು ನಾನೆಂದು ತಿಳಿದು ಮಾತಾಡಲಿ ಎಂಬ ಆಸೆಗೆ ಕಳೆದ ಹೊಸ್ತಿನ ದಿನ ಒಪ್ಪಿದೆ.

ನೀವು ಫೋನನ್ನು ನೀರಿನ ತಂಬಿಗೆಗೆ ಒರಗಿಸಿಟ್ಟಿರಿ. “ಅಮ್ಮಮ್ಮ, ನಿನ್ ಹಣಿ ಮಾತ್ರ ಕಾಂತ್, ಹಿಂದ್ ಸರಿ” ಎಂದು ಗದರಿಸಿದಿರಿ. ಸೊಸೆ ಕಾಣಿಸಿಕೊಂಡು, ಅತ್ತೆ ಬೆಳಗಿನಿಂದ ಏನೂ ಮುಟ್ಟಿಲ್ಲ, ಪಾಯಸ ಬಡಿಸಿದರೂ ಬಟ್ಟಲು ದೂಡಿ ಬಾಗಿಲ ಕಡೆಯೇ ನೋಡುತ್ತಿದ್ದಾರೆ ಎಂದಳು. ಆಮೇಲೆ ಫೋನನ್ನು ಅಕ್ಕನ ಮುಂದೆ ಹಿಡಿದಳು.

“ಅಕ್ಕಾ, ಹೊಸ್ತ್ ಉಂತೆ” ಎಂದೆ. ಸ್ವರ ನನಗೇ ಕೇಳಿಸಲಿಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಯಾರು ಎಂದು ಕೇಳಿಬಿಟ್ಟರೆ ಎಂದು ಹೆದರಿದೆ. ಅವಳು ಮೆಲ್ಲನೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

“ಅಬ್ಬೀ, ನಾ ಹೊಸ್ತ್ ಉಂತೆ.”

ಪರದೆಯ ಮೂಲೆಯ ಸಣ್ಣ ಚೌಕದತ್ತ ನೋಡಿದೆ. ಬಿಗಿದು ಕಟ್ಟಿದ ಬಿಳಿ ಕೂದಲು, ಬರಿಯ ಹಣೆ, ಒಳಗೆ ಹೋದ ಕೆನ್ನೆ. ಕೊನೆಗಾಲದ ಅಬ್ಬಿಯೇ ಅಲ್ಲಿದ್ದಳು. ನಾನು ನಿನ್ನ ತಂಗಿ ಎನ್ನುವ ಮಾತು ಬಾಯಿಯವರೆಗೆ ಬಂತು. ಆದರೆ ಅಕ್ಕನ ಕೈ ಬಟ್ಟಲಿನ ಮೇಲೆ ಹಾಗೇ ನಿಂತು ಕಾಯುತ್ತಿತ್ತು.

“ಉಣ್ ಮಗಾ, ಹೊಟ್ಟಿ ತುಂಬ ಉಣ್.”

ಅಷ್ಟು ಗಟ್ಟಿಯಾಗಿ ನಾನು ಯಾರೆದುರೂ ಮಾತಾಡಿದವಳಲ್ಲ. ಅಕ್ಕ ತುತ್ತೆತ್ತಿದಳು. ಪಾಯಸವನ್ನೂ ಬೆರಳಲ್ಲಿ ಬಳಿದು ತಿಂದಳು.

ಆಮೇಲೆ ನಾನು ಅವಳಲ್ಲಿ ಮತ್ತೆ ಅಪ್ಪಣೆ ಕೇಳುವುದು ಹೇಗೆ? ತಾಯಿ ಮಗಳನ್ನು ಕೇಳುವ ಕ್ರಮ ನಮ್ಮಲ್ಲಿಲ್ಲ. ಅವಳು ಉಣ್ಣುವುದನ್ನೇ ನೋಡುತ್ತಾ ನಾನೂ ಅನ್ನ ಕಲಸಿದೆ.