ಉಕ್ಕದ ಹಾಲು

ನಮ್ಮ ಯಜಮಾನರು ಲಕ್ಷ್ಮೀಕಾಂತ್ ಬರಹಗಾರರು. ಹೀಗೆಂದ ಕೂಡಲೇ ನೀವು ಜುಬ್ಬಾ, ಗಡ್ಡ, ಹೆಗಲಿಗೊಂದು ಚೀಲ ಎಲ್ಲ ಊಹಿಸಿಕೊಳ್ಳಬೇಡಿ. ತುಮಕೂರಿನ ಬಿ.ಎಚ್. ರಸ್ತೆಯ ಒಂದು ಮಹಡಿ ಮೇಲಿನ ಆಫೀಸಿನಲ್ಲಿ ಕೂತು, ಹುಟ್ಟುಹಬ್ಬದ ಫ್ಲೆಕ್ಸು, ಕಾಲೇಜಿನ ಕರಪತ್ರ, ಸೈಟು ಮಾರುವವರ ಜಾಹೀರಾತು ಮತ್ತು ತೀರಿಕೊಂಡವರ ಫೋಟೋ ಕೆಳಗಿನ ಎರಡು ಸಾಲು ಬರೆಯುತ್ತಾರೆ. ಬದುಕಿರುವವರನ್ನು ಹೊಗಳಲಿಕ್ಕೂ ಸತ್ತವರನ್ನು ಹೊಗಳಲಿಕ್ಕೂ ಅಲ್ಲಿ ಒಂದೇ ರೇಟು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವರು ಗುಬ್ಬಿ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕಾಫಿ, ಟೀ ಒಲೆಯ ಮುಂದೆ ನಿಂತಿದ್ದರು. ಈ ವಿಷಯ ಯಾರ ಮುಂದೆಯೂ ಬಾಯಿ ಬಿಡಕೂಡದು ಎಂದು ಅವರಿಗೆ ತಾಕೀತು ಮಾಡಿದವಳು ಅವರ ಧರ್ಮಪತ್ನಿ. ಅಂದರೆ ನಾನು, ಸಂಧ್ಯಾ.

ಅವರ ಊರು ಕುಣಿಗಲ್ ತಾಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ. ಪಿಯುಸಿಯಲ್ಲಿ ಕನ್ನಡಕ್ಕೆ ತೊಂಬತ್ತೊಂದು ಅಂಕ ತೆಗೆದು, ಉಳಿದ ವಿಷಯಗಳ ಅಂಕಗಳನ್ನೆಲ್ಲ ಬೇರೆ ಮಕ್ಕಳಿಗೆ ಬಿಟ್ಟುಕೊಟ್ಟ ಉದಾರಿ. ಗುಬ್ಬಿಗೆ ಬಂದು ಹೋಟೆಲು ಸೇರಿದ ಮೊದಲ ದಿನ ಮಾಲೀಕರು ಹೇಳಿಕೊಟ್ಟ ಪಾಠ ಒಂದೇ: ಪ್ರಾಣ ಹೋದರೂ ಸರಿ, ಹಾಲು ಉಕ್ಕಕೂಡದು. ಅಂದಿನಿಂದ ಒಂದು ಹನಿ ಹಾಲು ಒಲೆಗೆ ಬಿದ್ದಿಲ್ಲ ಎಂಬುದು ಅವರ ಜೀವಮಾನದ ಹೆಗ್ಗಳಿಕೆ. ನನ್ನ ಅಕ್ಕನ ಗಂಡ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿದ್ದಾರೆ. ಹಬ್ಬದ ದಿನ ಎಲೆ ಮುಂದೆ ಕೂತು ಭಾವ ಹೆಲಿಕಾಪ್ಟರಿನ ವಿಷಯ ತೆಗೆದರೆ, ಇವರು ಹಾಲಿನ ವಿಷಯ ತೆಗೆಯುತ್ತಿದ್ದರು.

"ಸದ್ದಲ್ಲೇ ಗೊತ್ತಾಗ್ಬುಡ್ತದೆ ಅಣ್ಣ, ಹಾಲು ಯಾವಾಗ ಏಳ್ತದೆ ಅಂತ. ನೋಡೋದೇ ಬೇಡ."

ಭಾವ ಪಾಯಸದ ಕಡೆ ತಿರುಗುತ್ತಿದ್ದರು. ನಾನು ಇವರನ್ನು ಕಣ್ಣಲ್ಲೇ ಗದರುತ್ತಿದ್ದೆ. ಇವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ಮದುವೆಯಾಗಿ ಆರು ವರ್ಷ ನಾವಿದ್ದದ್ದು ಹೋಟೆಲಿನ ಹಿಂದಿನ ಕೋಣೆಯಲ್ಲಿ. ಮಾಲೀಕರು ಅದನ್ನು ಕ್ವಾರ್ಟರ್ಸ್ ಎಂದು ಕರೆಯುತ್ತಿದ್ದರು. ಒಂದು ಗೋಡೆಯ ಆಚೆ ಈರುಳ್ಳಿ ಮೂಟೆ, ಇನ್ನೊಂದು ಗೋಡೆಯ ಆಚೆ ಸಾಂಬಾರು. ಒಲೆ ಇಡಲು ಜಾಗವಿಲ್ಲ, ಇಟ್ಟರೂ ಪ್ರಯೋಜನವಿಲ್ಲ, ಮೂರು ಹೊತ್ತೂ ಹೋಟೆಲಿನದೇ ಊಟ. ಹೊರಗಿನವರು ಇದನ್ನು ಸುಖ ಎಂದುಕೊಳ್ಳುತ್ತಾರೆ. ಆರು ವರ್ಷ ಒಂದೇ ಸಾಂಬಾರು ತಿಂದು ನೋಡಲಿ, ಆಮೇಲೆ ಮಾತಾಡೋಣ. ನಾನು ಕಡಬದವಳು, ಬ್ಲೌಸು ಹೊಲಿಯುತ್ತೇನೆ. ಒಮ್ಮೆ ಹೈಸ್ಕೂಲಿನ ಟೀಚರೊಬ್ಬರು ಹೊಲಿಗೆಗೆ ಕೊಟ್ಟ ರೇಷ್ಮೆ ಬ್ಲೌಸನ್ನು ತೆಗೆದುಕೊಂಡು ಹೋದವರು ಮಾರನೆಯ ದಿನ ವಾಪಸ್ಸು ಬಂದರು.

"ಅಳತೆ ಎಲ್ಲ ಸರಿಯಾಗೈತೆ ಸಂಧ್ಯಾ. ಆದ್ರೆ ಹಾಕ್ಕೊಂಡ್ರೆ ಹಸಿವಾಗ್ತದೆ ಕಣೇ."

ಅವರು ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಕೂತು ಅತ್ತೆ. ನನಗೆ ನನ್ನದೇ ಒಲೆ ಇರುವ, ಹೊಲಿಗೆ ಮಿಷನ್ನಿಗೊಂದು ಕಿಟಕಿ ಇರುವ ಮನೆ ಬೇಕಾಗಿತ್ತು. ಅರಮನೆಯನ್ನೇನೂ ಕೇಳಿರಲಿಲ್ಲ.

ಆಫೀಸಿನ ಕೆಲಸ ಸಿಕ್ಕಿದ್ದು ಹೋಟೆಲಿನ ಕರಿಹಲಗೆಯಿಂದ. ಇವತ್ತಿನ ತಿಂಡಿ ಏನು ಎಂದು ಬರೆಯುವುದು ಇವರ ಪಾಲಿಗೆ ಬಂದಿತ್ತು. ತೊಂಬತ್ತೊಂದು ಅಂಕ ಸುಮ್ಮನಿರುತ್ತದೆಯೇ? 'ಪೂರಿ ಇದೆ. ಉಬ್ಬಿದ್ದನ್ನು ಮಾತ್ರ ಕೊಡುತ್ತೇವೆ, ಉಳಿದದ್ದನ್ನು ನಾವು ತಿನ್ನುತ್ತೇವೆ' ಎಂದು ಬರೆದರು. 'ನಿನ್ನೆ ಉಪ್ಪು ಜಾಸ್ತಿಯಾಗಿತ್ತು. ಇವತ್ತು ಭಟ್ಟರ ಕೋಪ ಇಳಿದಿದೆ' ಎಂದು ಬರೆದರು. ಬಸ್ಸಿಗೆ ಕಾಯುವ ಜನ ಓದಲಿಕ್ಕೆಂದೇ ಬಂದು, ಓದಿದ ಮರ್ಯಾದೆಗೆ ಒಂದು ಟೀ ಕುಡಿದು ಹೋಗುತ್ತಿದ್ದರು. ಹಾಗೆ ಓದಿದವರಲ್ಲಿ ತುಮಕೂರಿನ ಜಾಹೀರಾತು ಆಫೀಸಿನ ಸೋಮಶೇಖರ್ ಒಬ್ಬರು. ಇದನ್ನು ಬರೆದವರು ಯಾರು ಎಂದು ಕೇಳಿ, ನಮ್ಮ ಆಫೀಸಿಗೆ ಬಂದುಬಿಡಿ ಎಂದರು. ಇವರು ಯೋಚನೆ ಮಾಡಿ ಹೇಳುತ್ತೇನೆ ಎಂದರು. ಆ ಯೋಚನೆಯನ್ನು ಐದು ನಿಮಿಷದಲ್ಲಿ ನಾನು ಮಾಡಿ ಮುಗಿಸಿದೆ.

ಆಫೀಸಿನಲ್ಲಿ ಮೊದಲ ಮೂರು ವಾರ ಇವರು ಪಟ್ಟ ಪಾಡು ಒಂದೆರಡಲ್ಲ. ಕೆಲಸ ಶುರುವಾಗುವುದು ಹತ್ತಕ್ಕೆ, ಇವರಿಗೆ ಎಚ್ಚರವಾಗುವುದು ನಾಲ್ಕಕ್ಕೆ. ಯಾರಾದರೂ ಬಂದು ಕೂತರೆ ತಕ್ಷಣ ಎದ್ದು ನೀರು ತಂದಿಡುವುದು. ಗಿರಾಕಿ ಹೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳುವುದು: "ಒಂದು ಹುಟ್ಟುಹಬ್ಬ, ಎರಡು ಶ್ರದ್ಧಾಂಜಲಿ, ಒಂದು ಸೈಟು." ಹನ್ನೊಂದು ಗಂಟೆಗೆ ಆ ದಿನದ ಕೆಲಸವೆಲ್ಲ ಮುಗಿಸಿ ಕೈಕಟ್ಟಿ ನಿಂತರಂತೆ. ಸೋಮಶೇಖರ್ ಒಳಗೆ ಕರೆದು ಬುದ್ಧಿ ಹೇಳಿದರು.

"ಲಕ್ಷ್ಮೀಕಾಂತ್, ಹಿಂಗೆ ಬಿಸಿಬಿಸಿ ಕೊಟ್ಬುಟ್ರೆ ಗಿರಾಕಿ ಬೆಲೆ ಕೊಡಲ್ಲ. ಸಂಜೆವರ್ಗೂ ಇಟ್ಕೊಂಡು ಆರಿಸಿ ಕೊಡಿ."

ಹದಿನಾಲ್ಕು ವರ್ಷ ಆರಿದ್ದನ್ನು ಕೊಟ್ಟರೆ ಬೈಸಿಕೊಂಡ ಮನುಷ್ಯ ಬಿಸಿ ಕೊಟ್ಟದ್ದಕ್ಕೆ ಬೈಸಿಕೊಂಡು ಮನೆಗೆ ಬಂದರು. ಮನೆಗೆ ಎಂದೆನಲ್ಲ, ಅದೇ ಗುಬ್ಬಿಯ ಕೋಣೆಗೆ. ಹೊಸ ಟೀಯವನು ಸಿಗುವವರೆಗೆ ಇರಿ ಎಂದಿದ್ದ ಮಾಲೀಕರಿಗೆ ಹೊಸಬ ಸಿಕ್ಕಿದ್ದ. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಮನೆ ಹುಡುಕಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ತಿಳಿಯದು. ತುಮಕೂರಿನಲ್ಲಿ ನೋಡಿದ ಮೊದಲ ಮನೆಯವರು ಏನು ಕೆಲಸ ಎಂದರು. ಇವರು ಸತ್ಯಸಂಧರು, "ಈಗ ಆಫೀಸು, ಮೊದಲು ಹೋಟ್ಲು" ಎಂದರು. ಮನೆ ನಮ್ಮ ನೆಂಟರಿಗೇ ಬೇಕಂತೆ ಎಂಬ ಉತ್ತರ ಸಂಜೆ ಬಂತು. ಎರಡನೆಯ ಮನೆಯವರಿಗೂ ಅದೇ ಸಂಜೆ ನೆಂಟರು ಹುಟ್ಟಿಕೊಂಡರು. ಈ ಊರಿನವರಿಗೆ ಬೆಳಗಾದರೆ ಹೋಟೆಲಿನ ತಟ್ಟೆ ಇಡ್ಲಿ ಬೇಕು. ಅದನ್ನು ತಂದುಕೊಟ್ಟವನು ಪಕ್ಕದ ಮನೆಯಲ್ಲಿ ಮಲಗಿದರೆ ಮಾತ್ರ ಆಗದು.

ಮೂರನೆಯದು ಬಟವಾಡಿಯ ಮನೆ. ಮಾಲೀಕರು ವೀರಭದ್ರಯ್ಯ ಕೆಳಗಿನ ಮನೆಯಲ್ಲಿ, ಬಾಡಿಗೆಗೆ ಮೇಲಿನದು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಬೆಂಗಳೂರಿನ ದೊಡ್ಡ ಸರ್ಕಾರಿ ಆಫೀಸಿನಲ್ಲಿ ಮೂವತ್ತು ವರ್ಷ ಇದ್ದು ಬಂದವರು ಎಂದು ಬೀದಿಗೆಲ್ಲ ಗೊತ್ತು. ಅವರೇ ಹೇಳಿದ್ದರಿಂದ ಗೊತ್ತು.

"ಆಫೀಸಿನೋರಿಗೆ ಮಾತ್ರ ಕೊಡೋದು. ಹೋಟ್ಲು ಗೀಟ್ಲು ಅಂದ್ರೆ ನಮ್ಗಾಗಲ್ಲ" ಎಂದರು.

ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ. ನಡುಮನೆಯಲ್ಲಿ ಪೂರ್ವಕ್ಕೊಂದು ಕಿಟಕಿ, ಅದರ ಕೆಳಗೆ ಮಿಷನ್ನು ಇಡಲು ಅಳತೆ ತೆಗೆದಂಥ ಜಾಗ. ಇವರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

"ನಮ್ಮೋರು ರೈಟರ್ರು ಸಾರ್. ಹತ್ ವರ್ಷದಿಂದ ಆಫೀಸಲ್ಲೇ ಅವ್ರೆ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಒಂದು ಬಾಡಿಗೆ ಮನೆಗೆ ಒಂದೇ ಸುಳ್ಳು ಹೇಳಿದ ನನ್ನನ್ನು ಮಿತವ್ಯಯಿ ಎನ್ನಬೇಕು. ಕರಾರು ಪತ್ರವನ್ನು ಇವರೇ ಬರೆದರು, ಉದ್ಯೋಗ ಎನ್ನುವ ಕಡೆ 'ಬರಹಗಾರ' ಎಂದು. ಗುರುವಾರ ಬೆಳಿಗ್ಗೆ ಏಳಕ್ಕೆ ಹಾಲುಕ್ಕಿಸಿ, ಆಮೇಲೆ ಸಹಿ ಎಂದು ಮಾತಾಯಿತು.

ಗುರುವಾರ ಗುಬ್ಬಿಯಿಂದ ಟೆಂಪೋದಲ್ಲಿ ಸಾಮಾನು ಬಂತು. ಕಡಬದಿಂದ ನಮ್ಮಮ್ಮ ಗಂಗಲಕ್ಷ್ಮಮ್ಮ ಹೊಸ ಪಾತ್ರೆ, ತೆಂಗಿನಕಾಯಿ, ಅರಿಶಿನ ಕುಂಕುಮ ಹಿಡಿದು ಬಂದಳು. ವೀರಭದ್ರಯ್ಯ ಮತ್ತು ಅವರ ಹೆಂಡತಿ ಶಿವರುದ್ರಮ್ಮ ಮೇಲೆ ಬಂದು ನಿಂತರು. ಒಲೆಗೆ ಪೂಜೆ ಮಾಡಿ, ಪಾತ್ರೆಗೆ ಅರಿಶಿನ ಹಚ್ಚಿ, ನಾನು ಹಾಲಿಟ್ಟೆ. ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದು, ಉತ್ತರಕ್ಕಾದರೂ ಪರವಾಗಿಲ್ಲ ಎಂದು ಅಮ್ಮ ವಿವರಿಸುತ್ತಿದ್ದಳು. ಉಕ್ಕದೇ ಇದ್ದರೆ ಏನು ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಉಕ್ಕದ ಹಾಲು ಯಾರ ಮನೆಯಲ್ಲಿದೆ?

ಕೆನೆ ಕಟ್ಟಿತು. ಅಂಚಿನಲ್ಲಿ ಸಣ್ಣ ಗುಳ್ಳೆ. ಎಲ್ಲರೂ ಕೈ ಮುಗಿದೆವು. ಹಾಲು ಎದ್ದು ಕಂಠದವರೆಗೆ ಬಂತು, ಇನ್ನೇನು ಹೊರಗೆ ಸುರಿಯಬೇಕು, ನನ್ನ ಭುಜದ ಪಕ್ಕದಿಂದ ಒಂದು ಕೈ ಬಂದು ಉರಿಯನ್ನು ಸಣ್ಣ ಮಾಡಿತು. ಇನ್ನೊಂದು ಕೈ ಸೌಟಿನಿಂದ ಹಾಲನ್ನು ಎರಡು ಸಲ ಎತ್ತಿ ಸುರಿಯಿತು. ಹಾಲು ಸಾಧುವಾಗಿ ಕೆಳಗಿಳಿದು ಕೂತಿತು. ಅಷ್ಟಕ್ಕೇ ಬಿಡದೆ ಹೆಗಲ ಮೇಲಿನ ಟವೆಲಿನಿಂದ ಪಾತ್ರೆಯ ಅಂಚನ್ನು ಒರೆಸಿದ್ದೂ ಆಯಿತು. ಆಮೇಲೆ ಇವರು ಎಲ್ಲರ ಮುಖ ನೋಡಿದರು. ತಾನು ಏನು ಮಾಡಿದೆ ಎಂಬುದು ಆಗ ಅವರಿಗೆ ತಿಳಿಯಿತು.

"ಅಯ್ಯೋ, ಏನ್ ಮಾಡ್ಬುಟ್ರಿ ಅಳಿಯಂದ್ರೇ!" ಎಂದಳು ಅಮ್ಮ.

ವೀರಭದ್ರಯ್ಯ ಮಾತ್ರ ಹಾಲು ನೋಡುತ್ತಿರಲಿಲ್ಲ. ಇವರ ಕೈ ನೋಡುತ್ತಿದ್ದರು.

"ಎಷ್ಟ್ ವರ್ಷ ಒಲೆ ಮುಂದೆ ಇದ್ರಿ?" ಎಂದು ಕೇಳಿದರು. ಸಿಟ್ಟಿನಿಂದೇನೂ ಅಲ್ಲ, ಮೆತ್ತಗೆ.

ಯಾರದೋ ಸಾವಿಗೆ ಎರಡು ನಿಮಿಷದಲ್ಲಿ ಕಣ್ಣೀರು ಬರುವ ಸಾಲು ಹೊಸೆಯುವ ಮನುಷ್ಯ ಟವೆಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ತಲೆ ತಗ್ಗಿಸಿ ನಿಂತರು, ಅಕ್ಕನ ಮನೆಯಲ್ಲಿ ಎಲೆ ಮುಂದೆ ತಗ್ಗಿಸುತ್ತಿದ್ದ ಹಾಗೆಯೇ. ಕೆಳಗೆ ಟೆಂಪೋದವನು ಮಂಚ ಇಳಿಸುತ್ತಿದ್ದ. ಗುಬ್ಬಿಯ ಕೋಣೆಗೆ ಬೇರೆ ಬೀಗ ಬಿದ್ದಾಗಿತ್ತು. ಮನೆ ಹೋಯಿತು ಎಂದು ನನಗೆ ಖಚಿತವಾಯಿತು. ಹೇಗೂ ಹೋಯಿತಲ್ಲ ಎಂದು ಧೈರ್ಯ ಬಂತೋ, ಆ ತಗ್ಗಿದ ತಲೆ ನೋಡಲಾಗಲಿಲ್ಲವೋ ಗೊತ್ತಿಲ್ಲ, ನಾನು ತಿರುಗಿ ನಿಂತೆ.

"ಹದಿನಾಲ್ಕ್ ವರ್ಷ ಸಾರ್. ಸುಳ್ಳು ಹೇಳಿದ್ದು ನಾನು, ಅವ್ರಲ್ಲ. ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಅವ್ರ ಟೀ ಕುಡೀದೆ ಬಸ್ ಹತ್ತಿದೋರಿಲ್ಲ. ಒಂದ್ ದಿನಾನೂ ಹಾಲು ಉಕ್ಕಿಸಿಲ್ಲ ಅವ್ರು. ಬೇಕಾದ್ರೆ ಮನೆ ಕೊಡಿ, ಬ್ಯಾಡ ಅಂದ್ರೆ ಬುಡಿ, ಸಾಮಾನು ವಾಪಸ್ ಏರಿಸ್ತೀವಿ."

ಆರು ವರ್ಷದಲ್ಲಿ ನಾನು ಅವರ ಹಾಲಿನ ಸುದ್ದಿಯನ್ನು ಇನ್ನೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅದು ನಾಚಿಕೆಯ ಸಂಗತಿ ಅನ್ನಿಸಲೇ ಇಲ್ಲ. ಇವರು ತಲೆ ಎತ್ತಿ ನನ್ನನ್ನು ನೋಡಿದರು.

ಆಗ ಒಂದು ನಗು ಕೇಳಿಸಿತು. ಶಿವರುದ್ರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

"ಏ, ಸುಮ್ನಿರೇ" ಎಂದರು ವೀರಭದ್ರಯ್ಯ.

"ಯಾಕ್ ಸುಮ್ನಿರ್ಲಿ? ನಮ್ಮ ಗೃಹಪ್ರವೇಶದಲ್ಲೂ ಹಾಲು ಉಕ್ಕಲಿಲ್ಲ ಕಣಮ್ಮ" ಎಂದರು ಆಕೆ ನನ್ನ ಕಡೆ ತಿರುಗಿ. "ನೂರು ಜನ ನಿಂತಿದ್ರು. ಇನ್ನೇನು ಉಕ್ಬೇಕು, ಇವ್ರು ಕೈ ಹಾಕಿ ಉರಿ ಸಣ್ಣ ಮಾಡ್ಬುಟ್ರು. ಮೂವತ್ತು ವರ್ಷ ಸರ್ಕಾರಿ ಆಫೀಸಲ್ಲಿದ್ರು ಅನ್ನೋದೇನೋ ನಿಜ. ಆಫೀಸಿನ ಕ್ಯಾಂಟೀನಲ್ಲಿದ್ರು. ಹೋಟ್ಲೋರು ಬಾಡಿಗೆಗೆ ಬಂದ್ರೆ ಗುರುತು ಹಿಡೀತಾರೆ ಅಂತ ಇವ್ರಿಗೆ ಭಯ."

ಹಾವಿನ ಹೆಜ್ಜೆ ಹಾವೇ ಬಲ್ಲದು ಎಂದುಕೊಂಡೆ. ಆದರೆ ನಗಲಾಗಲಿಲ್ಲ. ವಿಭೂತಿ, ಬಿಳಿ ಶರ್ಟು, ಎರಡು ಪೆನ್ನಿನ ಆ ಮುದುಕರು ಈಗ ತಲೆ ತಗ್ಗಿಸಿದ್ದರು. ಗಂಡಸರಿಗೆ ಹೀಗೆ ತಲೆ ತಗ್ಗಿಸುವುದನ್ನು ಹೋಟೆಲಿನವರು ಕಲಿಸುವುದಿಲ್ಲ. ಮನೆಯವರು ಕಲಿಸುತ್ತಾರೆ, ನನ್ನಂಥವರು.

ನಮ್ಮ ಯಜಮಾನರು ಟವೆಲನ್ನು ಮಡಿಸುತ್ತಾ ಕೇಳಿದರು, "ದಿನಕ್ಕೆ ಎಷ್ಟ್ ಲೀಟರ್ ಕಾಯಿಸ್ತಿದ್ರಿ ಸಾರ್?"

"ಅರವತ್ತು" ಎಂದರು ವೀರಭದ್ರಯ್ಯ. ಆಮೇಲೆ ತಲೆ ಎತ್ತಿ, "ಒಂದ್ ಹನಿ ಚೆಲ್ಲಿಲ್ಲ" ಎಂದರು.

ಅಮ್ಮನಿಗೆ ಇದೆಲ್ಲ ಬೇಕಿರಲಿಲ್ಲ, ಅವಳಿಗೆ ಹಾಲು ಉಕ್ಕಬೇಕಿತ್ತು. ಅರ್ಧಕ್ಕೆ ಇಳಿದ ಹಾಲು ನಡೆಯದು ಎಂದಳು. ಶಿವರುದ್ರಮ್ಮ ಕೆಳಗಿನಿಂದ ಇನ್ನೊಂದು ಪ್ಯಾಕೆಟ್ ತಂದರು. ಈ ಸಲ ಇಬ್ಬರು ಗಂಡಸರನ್ನೂ ಹೊರಗೆ ಕಳಿಸಿ, ಆಕೆಯೇ ಅಡುಗೆಮನೆ ಬಾಗಿಲು ಹಾಕಿದರು. ಮುಂದಿನ ಮೆಟ್ಟಿಲ ಮೇಲೆ ಅವರಿಬ್ಬರೂ ಕೂತದ್ದು ಅಡುಗೆಮನೆಯ ಕಿಟಕಿಯಲ್ಲಿ ಕಾಣುತ್ತಿತ್ತು. ಕರಾರು ಪತ್ರ ನಡುವೆ ಇತ್ತು. 'ಬರಹಗಾರ' ಎಂದಿದ್ದ ಕಡೆ ಇವರು ಪೆನ್ನಿನಿಂದ ಏನೋ ಸೇರಿಸುತ್ತಿದ್ದರು. 'ಅದಕ್ಕೂ ಮೊದಲು ಹದಿನಾಲ್ಕು ವರ್ಷ ಕಾಫಿ, ಟೀ' ಎಂದು ಬರೆದಿದ್ದು ಆಮೇಲೆ ನೋಡಿದೆ. ಅದರ ಕೆಳಗೇ ವೀರಭದ್ರಯ್ಯನವರ ಸಹಿ ಇತ್ತು.

ಹಾಲು ಮತ್ತೆ ಎದ್ದಿತು. ಈ ಸಲ ತಡೆಯುವ ಕೈ ಇರಲಿಲ್ಲ. ಕಂಠ ದಾಟಿ, ಅರಿಶಿನದ ಮೇಲೆ ಹರಿದು, ಪೂರ್ವಕ್ಕೂ ಉತ್ತರಕ್ಕೂ ಸಮನಾಗಿ ಸುರಿದು, ಒಲೆಯ ಮೇಲೆ ಚುರ್ ಎಂದಿತು. ಸೀದ ವಾಸನೆ ಮನೆ ತುಂಬಿತು.

ಮೆಟ್ಟಿಲ ಕಡೆಯಿಂದ ಎರಡು ಗಂಟಲು ಒಟ್ಟಿಗೇ ಕೂಗಿದವು: "ಉರಿ ಸಣ್ಣ ಮಾಡ್ರೀ!"

ನಾನು ಮಾಡಲಿಲ್ಲ.