ಅಜ್ಜಯ್ಯನ ಅನುಮಾನ

ಮಂಡಕ್ಕಿ ಭಟ್ಟಿಯ ಅಜ್ಜಯ್ಯನ ಕೈಗೆ ದುಡ್ಡು ಬಂದದ್ದು ಐವತ್ತೆಂಟನೇ ಇಸವಿಯಲ್ಲಿ. ಹರಿಹರದ ಹತ್ತಿರ ಅವನಿಗೊಂದು ತುಂಡು ಹೊಲವಿತ್ತು. ಕಾರ್ಖಾನೆ ಕಟ್ಟುವವರು ಒಳ್ಳೆ ಬೆಲೆಗೆ ಕೊಂಡರು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಭಟ್ಟಿ ಕೆಲಸ ಬಿಟ್ಟ, ಆನೆಕೊಂಡದ ನಮ್ಮ ಓಣಿಗೆ ಮೊದಲ ರೇಡಿಯೋ ತಂದ. ಇನ್ನು ಸುಖವಾಗಿರುತ್ತೇನೆ ಎಂದು ಎಲ್ಲರ ಮುಂದೆ ಹೇಳಿಕೊಂಡ. ನಮಗೂ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಆದರೆ ದುಡ್ಡಿನ ಹಿಂದೆಯೇ ಅನುಮಾನವೂ ಅವನ ಮನೆ ಹೊಕ್ಕಿತು. ಹಾಡು ಕೇಳಲು ಹೋದವರನ್ನು ದುಡ್ಡಿನ ಪೆಟ್ಟಿಗೆ ಹುಡುಕಲು ಬಂದ ಕಳ್ಳರಂತೆ ನೋಡುತ್ತಿದ್ದ. ನನ್ನ ಹೆಂಡತಿ ಹಬ್ಬಕ್ಕೆ ಹೋಳಿಗೆ ಕೊಡಲು ಹೋದರೆ, "ಹೋದ ವರ್ಷ ಯಾಕ ಕೊಡಲಿಲ್ಲವ್ವಾ?" ಎಂದು ಕೇಳಿದ. ಹೋದ ವರ್ಷವೂ ಕೊಟ್ಟಿದ್ದಳು, ತಿಂದಿದ್ದ! ನನಗೆ ಮೈಯೆಲ್ಲ ಉರಿಯಿತು, ಆ ಕಡೆ ಹೋಗುವುದನ್ನೇ ಬಿಟ್ಟೆ. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು.

ಉಳಿದವನು ನಬೀ ಸಾಬ್ ಒಬ್ಬನೇ. ಭಟ್ಟಿಯಲ್ಲಿ ಅಜ್ಜಯ್ಯನ ಜೊತೆ ವರ್ಷಗಟ್ಟಲೆ ಬೆಂಕಿಯ ಮುಂದೆ ಬೆವರು ಸುರಿಸಿದವನು, ಒಂದೇ ಪೊಟ್ಟಣದಲ್ಲಿ ಖಾರಮಂಡಕ್ಕಿ ತಿಂದವನು. ಒಂದು ಸಂಜೆ ಒಗೆದ ಅಂಗಿ ತೊಟ್ಟು ಬಂದು ಅಜ್ಜಯ್ಯನ ಕಟ್ಟೆಯ ಮೇಲೆ ಕೂತ. ಮದುವೆಗೆ ಕರೆಯಲು ಬಂದವರು ಆ ಮನೆಯ ನೀರು ಕುಡಿದ ಮೇಲೆಯೇ ವಿಷಯ ತೆಗೆಯುವುದು ನಮ್ಮ ಓಣಿಯ ರೂಢಿ. ಅಜ್ಜಯ್ಯ ನೀರು ತರಲಿಲ್ಲ. ನಬೀ ಸಾಬ್ ಮಳೆಯ ಮಾತಾಡಿದ, ಭಟ್ಟಿಯ ಮಾತಾಡಿದ, ಒಳಬಾಗಿಲ ಕಡೆ ನೋಡಿದ. ಮಗಳ ಮದುವೆಗೆ ಕರೆಯಲು ಬಂದಿದ್ದಾನೆಂದು ಎದುರು ಮನೆಯ ನನಗೇ ಗೊತ್ತಾಯಿತು. ಅಜ್ಜಯ್ಯನಿಗೆ ಹೊಳೆಯಲಿಲ್ಲ.

"ನೋಡಪಾ ನಬೀ, ಸಾಲದ ಮಾತಾದ್ರೆ ಬ್ಯಾಡ," ಎಂದುಬಿಟ್ಟ.

ನಬೀ ಸಾಬ್ ಎದ್ದು, ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ಹೋದ.

ಮದುವೆಯ ವಿಷಯ ಅಜ್ಜಯ್ಯನಿಗೆ ತಿಳಿದದ್ದು ಬ್ಯಾಂಡಿನ ಸದ್ದು ಕೇಳಿದಾಗಲೇ. ಪೇಟೆಗೆ ಓಡಿ ರೇಷ್ಮೆ ಸೀರೆ ತಂದ, ಕರೆಯದಿದ್ದರೂ ಹೋದ. ಚಪ್ಪರದಲ್ಲಿ ಕೂತಿದ್ದ ನನಗೆ, ಎಷ್ಟು ಸಿಟ್ಟಿದ್ದರೂ, ಅಯ್ಯೋ ಅನಿಸಿತು. ನಬೀ ಸಾಬ್ ಎದ್ದು ಬಂದ. ಸೀರೆ ನೋಡಿದ, ಗೆಳೆಯನ ಮುಖ ನೋಡಿದ.

"ಇಷ್ಟು ದುಬಾರಿ ಸೀರೆ ಯಾಕ ತಂದಿ ಅಜ್ಜಯ್ಯ? ನನ್ನಿಂದ ಏನರ ಕೆಲಸ ಆಗಬೇಕಾಗಿತ್ತಾ?"

ಅಜ್ಜಯ್ಯ ಸೀರೆಯನ್ನು ಎದೆಗೊತ್ತಿಕೊಂಡು ಎಲ್ಲರೆದುರೇ ಅತ್ತ. ಅದು ನಿಜವಾದ ಅಳುವೋ ಅಲ್ಲವೋ ಎಂದು ನಬೀ ಸಾಬ್ ಸ್ವಲ್ಪ ಹೊತ್ತು ನೋಡುತ್ತ ನಿಂತ.