ಶೆಡ್ಡಿನಲ್ಲಿ ಬಿಸಿಯಾಗದ ಎಂಜಿನ್

ರಾಯಬಾಗದ ಮೇಲೆ ಹಾದುಹೋಗುವ ನಮ್ಮ ರೈಲು ಮಾರ್ಗಕ್ಕೆ ವಿದ್ಯುತ್ ತಂತಿ ಬರುವ ಮುಂಚಿನ ಕೊನೆಯ ವರ್ಷಗಳವು. ನಾನು ಡೀಸೆಲ್ ಶೆಡ್ಡಿನಲ್ಲಿ ಸೀನಿಯರ್ ಸೆಕ್ಷನ್ ಎಂಜಿನಿಯರ್. ನಿವೃತ್ತಿಗೆ ನಾಲ್ಕು ವರ್ಷ ಬಾಕಿಯಿತ್ತು. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳಬಲ್ಲೆ ಎಂಬ ಜಂಬವೂ ಇತ್ತು.

ಆ ಕಬ್ಬಿನ ಹಂಗಾಮಿನಲ್ಲಿ ಒಂದು ಗೂಡ್ಸ್ ಎಂಜಿನ್ ಕುಡಚಿ ಮತ್ತು ಚಿಕ್ಕೋಡಿ ರೋಡ್ ನಡುವೆ ಎರಡು ಸಲ ನಿಂತುಹೋಯಿತು. ಎರಡೂ ಸಲ ಒಂದೇ ದೂರು: ಹಾಟ್ ಎಂಜಿನ್. ಡೀಸೆಲ್ ಎಂಜಿನ್ನನ್ನು ತಂಪಾಗಿಡುವುದು ಅದರೊಳಗೆ ಸುತ್ತುವ ನೀರು. ಕಾದ ನೀರು ರೇಡಿಯೇಟರಿಗೆ ಬಂದಾಗ ದೊಡ್ಡದೊಂದು ಫ್ಯಾನ್ ಪಕ್ಕದ ಜಾಲರಿಯಿಂದ ಗಾಳಿಯೆಳೆದು ಅದನ್ನು ಆರಿಸುತ್ತದೆ. ನೀರು ತೊಂಬತ್ತು ಡಿಗ್ರಿ ಮುಟ್ಟಿದರೆ ಕ್ಯಾಬಿನಲ್ಲಿ ಗಂಟೆ ಬಾರಿಸಿ, ಎಂಜಿನ್ ತಾನಾಗಿ ಶಕ್ತಿ ಇಳಿಸುತ್ತದೆ. ಏರಿನಲ್ಲಿ ಹಾಗಾದರೆ ಗಾಡಿ ನಿಂತಂತೆಯೇ.

ಎರಡೂ ಸಲ ಗಾಡಿಯ ಮೇಲಿದ್ದವರು ಅಂಕಲಿಯ ಲೋಕೋ ಪೈಲಟ್ ಪಾಯಪ್ಪ. ಎಂಜಿನ್ನನ್ನು ಶೆಡ್ಡಿಗೆ ತಂದು ಲೋಡ್ ಬಾಕ್ಸ್ ಪರೀಕ್ಷೆ ಮಾಡಿದೆವು. ಗಾಡಿ ಎಳೆಸದೆ, ನಿಂತಲ್ಲೇ ಎಂಜಿನ್ನಿಗೆ ಪೂರ್ತಿ ಭಾರ ಕೊಡುವ ಪರೀಕ್ಷೆ ಅದು. ಒಂದು ಗಂಟೆ ಓಡಿಸಿದರೂ ನೀರು ಎಪ್ಪತ್ತೈದು ದಾಟಲಿಲ್ಲ. ವಾಟರ್ ಪಂಪ್ ಬಿಚ್ಚಿದೆವು, ಟೆಂಪರೇಚರ್ ಸ್ವಿಚ್ ಬದಲಿಸಿದೆವು, ಫ್ಯಾನಿನ ಕ್ಲಚ್ ನೋಡಿದೆವು. ಎಲ್ಲ ಸರಿಯಾಗಿತ್ತು. ಬೇರೆ ಚಾಲಕರು ಅದೇ ಎಂಜಿನ್ ಒಯ್ದಾಗ ತಕರಾರೂ ಇರಲಿಲ್ಲ. ಚಾಲಕರು ನೀರಿನ ಮಟ್ಟ ನೋಡದೆ ಹೊರಟಿರಬೇಕೆಂದು ನಾನು ವರದಿ ಬರೆದು ಕೈತೊಳೆದುಕೊಂಡೆ.

ಅದೇ ಎಂಜಿನ್ ಪಾಯಪ್ಪನವರ ಕೈಯಲ್ಲೇ ಮೂರನೆಯ ಸಲ ನಿಂತಾಗ ಹಿಂದಿನ ಪ್ಯಾಸೆಂಜರ್ ಗಾಡಿಯೂ ತಾಸುಗಟ್ಟಲೆ ನಿಂತಿತು. ಶೆಡ್ಡಿನಲ್ಲಿ ಈ ಸಲವೂ ಏನೂ ಸಿಗಲಿಲ್ಲ. ಪಾಯಪ್ಪನವರನ್ನು ಗಾಡಿಯಿಂದ ಇಳಿಸಿ ಆರೋಪಪಟ್ಟಿ ಕೊಟ್ಟರು. ತಪ್ಪು ಸಾಬೀತಾದರೆ, ಮೂವತ್ತು ವರ್ಷ ಎಂಜಿನ್ ಓಡಿಸಿದ ಮನುಷ್ಯ ಮತ್ತೆ ಮುಖ್ಯ ಮಾರ್ಗದ ಗಾಡಿ ಹತ್ತುವಂತಿರಲಿಲ್ಲ.

ವಿಚಾರಣೆಗೆ ಮುಂಚೆ ಅವರು ನನ್ನ ಕೋಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

“ಸಾಹೇಬ್ರ, ನೀರ ನೋಡಲಾರ್ದ ಗಾಡಿ ಬಿಡಾಂವ ಅಲ್ರಿ ನಾ. ಮೂರೂ ಸಲ ನಾ ಸಕ್ಕರಿ ಸೈಡಿಂಗ್‌ನಿಂದ ಬಂದೀನ್ರಿ. ಆ ಡ್ಯೂಟಿ ಯಾರಿಗೂ ಬ್ಯಾಡ, ನನ್ನ ಪಾಲಿಗೇ ಬರ್ತೈತಿ. ಈಗ ಯಾರ ಒಯ್ದರೂ ಒಂದ ಸಲ ನೀವೂ ಹತ್ತಿ ಬರ್ರಿ.”

ಮುಂದಿನ ವಾರ ಅದೇ ಎಂಜಿನ್ ಬೇರೆ ಚಾಲಕರೊಡನೆ ಸೈಡಿಂಗಿಗೆ ಹೊರಟಾಗ ನಾನೂ ಹತ್ತಿದೆ. ನಿಜ ಹೇಳಬೇಕೆಂದರೆ, ಪಾಯಪ್ಪನವರ ಮಾತು ಸುಳ್ಳೆಂದು ತೋರಿಸುವುದೇ ನನ್ನ ಉದ್ದೇಶವಾಗಿತ್ತು. ಅದು ಕುಡಚಿಯ ಹತ್ತಿರ ಮುಖ್ಯ ಮಾರ್ಗದಿಂದ ಸಕ್ಕರೆ ಕಾರ್ಖಾನೆಗೆ ಕವಲೊಡೆದ ಹಳಿ. ಅಲ್ಲಿ ಸಕ್ಕರೆ ಲೋಡ್ ಆಗುವವರೆಗೆ ಎಂಜಿನ್ ಬಂದ್ ಮಾಡುವ ರೂಢಿಯಿರಲಿಲ್ಲ. ಐದಾರು ತಾಸು ನಿಂತಲ್ಲೇ ಓಡುತ್ತಿತ್ತು. ಕಾರ್ಖಾನೆಯ ಬಗ್ಯಾಸ್, ಅಂದರೆ ಕಬ್ಬು ಅರೆದುಳಿದ ಸಿಪ್ಪೆಯ ರಾಶಿ, ಆ ವರ್ಷ ಜಾಗ ಸಾಲದೆ ಹಳಿಯ ಸಮೀಪಕ್ಕೇ ಬಂದಿತ್ತು. ಗಾಳಿ ಬೀಸಿದಾಗಲೆಲ್ಲ ಅದರ ಧೂಳು ನಮ್ಮ ಕಣ್ಣುಮೂಗಿಗೆಲ್ಲ ತುಂಬುತ್ತಿತ್ತು. ಫ್ಯಾನೂ ಅದೇ ಗಾಳಿಯನ್ನೇ ಎಳೆಯುತ್ತಿದೆ ಎಂಬುದು ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ.

ಹೊರಡುವ ಮುಂಚೆ ನೀರಿನ ಮಟ್ಟವನ್ನು ನಾನೇ ನೋಡಿದೆ, ತುಂಬಿತ್ತು. ಆದರೂ ರಾಯಬಾಗ ದಾಟಿದ ಮೇಲೆ ಮುಳ್ಳು ಎಂಬತ್ತನಾಲ್ಕು, ಎಂಬತ್ತೇಳು ಎಂದು ಏರಿತು. ಗಂಟೆ ಬಾರಿಸಿತು. ಗಾಡಿ ನಿಂತೊಡನೆ ಇಳಿದು ಜಾಲರಿಯೊಳಗೆ ಕೈ ಹಾಕಿದೆ. ಬಗ್ಯಾಸ್ ಧೂಳು ಎಣ್ಣೆಯ ಪಸೆ ಹಿಡಿದು ರೇಡಿಯೇಟರಿನ ಮೈಗೆ ಕಂಬಳಿ ಹೊದಿಸಿದಂತೆ ಅಂಟಿತ್ತು. ಗಾಳಿಗೆ ದಾರಿಯೇ ಇರಲಿಲ್ಲ.

ಇದು ಶೆಡ್ಡಿನಲ್ಲಿ ಕಾಣದಿದ್ದುದಕ್ಕೆ ಕಾರಣ ನಾನೇ. ಕೊಳಕು ಎಂಜಿನ್ ಕಂಡರೆ ನನಗಾಗುತ್ತಿರಲಿಲ್ಲ. ಬಂದ ಎಂಜಿನ್ನಿಗೆ ಮೊದಲು ಜೋರು ನೀರು ಹೊಡೆದು ತೊಳೆಯಬೇಕು, ಆಮೇಲೆಯೇ ತಪಾಸಣೆ ಎಂದು ಕಟ್ಟುನಿಟ್ಟು ಮಾಡಿದವನು ನಾನು. ಮೂರು ಸಲವೂ ರೋಗವನ್ನು ತೊಳೆದು ಚರಂಡಿಗೆ ಬಿಟ್ಟು, ಆಮೇಲೆ ಅದನ್ನು ಎಂಜಿನ್ನಿನೊಳಗೆ ಹುಡುಕಿದ್ದೆ. ಹಳಿಯ ಪಕ್ಕದಲ್ಲಿ ನಿಂತೇ ನಾಚಿಕೆಯಾಯಿತು.

ವಿಚಾರಣೆಯಲ್ಲಿ ನನ್ನ ವರದಿಗಳನ್ನು ಹಿಂದಕ್ಕೆ ಪಡೆದೆ. “ಮೂರು ಸಲ ನೋಡಿದರೂ ಕಾಣಲಿಲ್ಲವೇ?” ಎಂದು ಅಧಿಕಾರಿ ಕೇಳಿದರು.

“ಮೂರು ಸಲವೂ ತೊಳೆದ ಮೇಲೆ ನೋಡಿದೆ, ಸರ್.”

ಆರೋಪ ಕೈಬಿಟ್ಟರು. ತಪಾಸಣೆ ಮೊದಲು, ತೊಳೆಯುವುದು ಆಮೇಲೆ ಎಂದು ಶೆಡ್ಡಿನ ಕ್ರಮ ಬದಲಾಯಿತು. ಸೈಡಿಂಗಿನಲ್ಲಿ ಎಂಜಿನ್ನನ್ನು ರಾಶಿಯಿಂದ ದೂರ ನಿಲ್ಲಿಸತೊಡಗಿದರು. ಆಮೇಲೆ ಅದು ದಾರಿಯಲ್ಲಿ ಕಾದದ್ದಿಲ್ಲ.

ಹೊರಗೆ ವರಾಂಡದಲ್ಲಿ ಪಾಯಪ್ಪನವರ ಎದುರು ನಿಂತು, ತಪ್ಪಾಯಿತು ಎಂದೆ. ಅವರಿಗೆ ಸಿಟ್ಟೇನೂ ಇದ್ದಂತಿರಲಿಲ್ಲ.

“ಎಂಜಿನ್ನಿಗೆ ಬಾಯಿಲ್ರಿ ಸಾಹೇಬ್ರ, ಅದಕ್ಕ ಬಿಚ್ಚಿ ನೋಡಿದ್ರಿ. ನನಗ ಬಾಯಿ ಇತ್ತಲ್ರಿ. ಒಂದ ಮಾತ ಕೇಳಲಿಲ್ಲ.”

ಅಲ್ಲಿಂದ ನಿವೃತ್ತಿಯಾಗುವವರೆಗೆ, ಕೆಟ್ಟು ಬಂದ ಯಾವ ಎಂಜಿನ್ನಿನ ನಟ್ಟನ್ನೂ ಅದನ್ನು ತಂದ ಚಾಲಕರನ್ನು ಕೂರಿಸಿ ಕೇಳುವ ಮುಂಚೆ ನಾನು ಬಿಚ್ಚಿಸಲಿಲ್ಲ.